ದೀಪಾವಳಿಗೆ ಊರಿದರೆ ಬೆಳ್ಳುಳ್ಳಿ

ಬೆಳ್ಳುಳ್ಳಿಗೆ ಚಳಿ ಬೇಕು. ಹೈದರಾಬಾದಿನ ನಮ್ಮ ಕುಷಾಯಿಗೂಡದಲ್ಲಿ ಸಿಗುವ ಚಳಿಯೆಂದರೆ, ಡಿಸೆಂಬರಿನ ನಸುಕಿಗೆ ಸ್ವೆಟರ್ ಹಾಕಿಕೊಂಡು ಹಾಲು ತರಲು ಹೋಗಿ, ಹತ್ತು ಗಂಟೆಗೆ ಅದನ್ನು ಬಿಚ್ಚಿಡುವಷ್ಟು. ಯುರೋಪಿನವರು ಹಿಮ ಬೀಳುವ ಮೊದಲೇ ಎಸಳು ಊರಿ, ಮೇಲೆ ಹುಲ್ಲು ಹೊದಿಸಿ, ವಸಂತ ಬರಲಿ ಎಂದು ಕಾಯುತ್ತಾರೆ. ನಮಗೆ ಚಳಿಗಾಲವೇ ಗಿಡ ಬೆಳೆಯುವ ಕಾಲ. ಇರುವಷ್ಟು ಚಳಿಯಲ್ಲಿ ಒಂದು ವಾರವೂ ಪೋಲಾಗಬಾರದು, ಅಷ್ಟೇ.

ನನ್ನ ತವರು ಗದಗಿನ ಕಡೆ. ಅಲ್ಲಿ ಜವಾರಿ ಬಳ್ಳೊಳ್ಳಿಯನ್ನು ಮುಂಗಾರಿಗೂ ಹಾಕುತ್ತಾರೆ. ಇಲ್ಲಿ ಮಹಡಿಯ ಮೇಲಿನ ಕುಂಡಗಳಲ್ಲಿ ಅದು ನಡೆಯುವುದಿಲ್ಲ, ಎಸಳು ಕೊಳೆಯುತ್ತದೆ. ಅಕ್ಟೋಬರನ್ನೂ ಪೂರ್ತಿ ನಂಬುವಂತಿಲ್ಲ. 2020ರಲ್ಲಿ ಆ ತಿಂಗಳ ಮಧ್ಯದಲ್ಲೇ ಊರು ಮುಳುಗುವಂಥ ಮಳೆ ಸುರಿಯಿತು. ಹಾಗೆಂದು ಡಿಸೆಂಬರಿಗೆ ತಳ್ಳಿದರೆ ನಾಲ್ಕು ಎಲೆ ಬರುವಷ್ಟರಲ್ಲಿ ಬಿಸಿಲು ಏರುತ್ತದೆ. ದೀಪಾವಳಿಯ ಆಸುಪಾಸು ಸರಿಯಾದ ಹೊತ್ತು.

ಚಳಿ ತಾಗಿದ ಗಿಡ, ಮುಂದೆ ಹಗಲು ಉದ್ದವಾಗಿ ಬಿಸಿ ಹೆಚ್ಚಿದಾಗ ಗಡ್ಡೆ ಕಟ್ಟುತ್ತದೆ. ಚಳಿ ಸಾಲದಿದ್ದರೆ ಗಡ್ಡೆ ಎಸಳಾಗಿ ಒಡೆಯದೆ ಈರುಳ್ಳಿಯ ಹಾಗೆ ಒಂಟಿಯಾಗಿಯೇ ಉಳಿಯುತ್ತದೆ. ಅದಕ್ಕೇ ನಾನು ನಾಟಿಗೆ ಮೂರ್ನಾಲ್ಕು ವಾರ ಮುಂಚೆ ಬೀಜದ ಗಡ್ಡೆಗಳನ್ನು ಬಿಡಿಸದೆ, ಕಾಗದದ ಚೀಲದಲ್ಲಿ ಸುತ್ತಿ ಫ್ರಿಜ್ಜಿನ ತರಕಾರಿ ಟ್ರೇಯಲ್ಲಿ ಇಡುತ್ತೇನೆ. ಅಷ್ಟು ಚಳಿ ಮುಂಗಡ!

ಬೀಜ ಯಾವುದು? ಬೆಟ್ಟದ ಸೀಮೆಯ ದಪ್ಪ ಬೆಳ್ಳುಳ್ಳಿ ಬೇಡ. ಅಗ್ರಿಫೌಂಡ್ ಪಾರ್ವತಿಯಂಥ ತಳಿಗೆ ಉದ್ದ ಹಗಲು ಬೇಕು, ನಮ್ಮಲ್ಲಿ ಬೇಸಿಗೆಯ ಅತಿ ಉದ್ದದ ಹಗಲೂ ಹದಿಮೂರು ತಾಸಿನ ಸುತ್ತಮುತ್ತ. ಬಯಲು ಸೀಮೆಗೆ ಯಮುನಾ ಸಫೇದ್, ಪುಣೆ ಹತ್ತಿರದ ರಾಜಗುರುನಗರದ ಸಂಶೋಧನಾ ನಿರ್ದೇಶನಾಲಯದ ಭೀಮಾ ಓಂಕಾರ್, ಭೀಮಾ ಪರ್ಪಲ್ ಇವೆ. ಅವು ಸಿಗದಿದ್ದರೆ ರೈತು ಬಜಾರಿನಲ್ಲಿ ಗಟ್ಟಿಯಾದ ನಾಟಿ ಗಡ್ಡೆಗಳನ್ನೇ ಆರಿಸುತ್ತೇನೆ. ಒಂದೊಂದನ್ನೂ ಒತ್ತಿ ನೋಡುವಾಗ, "ಪಚ್ಚಡಿಗೆ ಇಷ್ಟು ಪರೀಕ್ಷೆ ಯಾಕಮ್ಮಾ?" ಎಂದು ಮಾರುವಾಕೆ ತೆಲುಗಿನಲ್ಲಿ ಗೊಣಗುತ್ತಾಳೆ.

ಹೊರಸುತ್ತಿನ ದಪ್ಪ ಎಸಳು ನಾಟಿಗೆ, ಒಳಗಿನ ಸಣಕಲು ಒಗ್ಗರಣೆಗೆ. ಸಿಪ್ಪೆ ಸುಲಿಯಬಾರದು. ಬೇರಿನ ಬುಡ ಕೆಳಗೆ, ಚೂಪು ತುದಿ ಮೇಲೆ. ಎರಡು ಇಂಚು ಆಳ, ನಾಲ್ಕು ಇಂಚು ಅಂತರ. ಕೆಂಪು ಮಣ್ಣಿಗೆ ಚೆನ್ನಾಗಿ ಕಳಿತ ಸಗಣಿ ಗೊಬ್ಬರ, ಸ್ವಲ್ಪ ಮರಳು. ನೀರು ನಿಲ್ಲಬಾರದು. ಮೇಲೆ ಒಣಗಿದ ಬೇವಿನೆಲೆ ಹರಡುತ್ತೇನೆ, ಹಿಮಕ್ಕಲ್ಲ, ಮಧ್ಯಾಹ್ನದ ಬಿಸಿಲಿಗೆ.

ಎಲೆ ಚಿವುಟುವ ಚಪಲ ಎಲ್ಲರಿಗೂ ಇರುತ್ತದೆ. ಆದರೆ ಗಡ್ಡೆಗೆ ಊಟ ಹೋಗುವುದು ಎಲೆಯಿಂದ, ಗಡ್ಡೆಯ ಮೇಲಿನ ಒಂದೊಂದು ಪದರ ಸಿಪ್ಪೆಯೂ ಒಂದೊಂದು ಎಲೆಯ ಬುಡವೇ. ಜುಣಕಕ್ಕೆ, ಮೊಸರು ಬಜ್ಜಿಗೆ ಹಸಿರೆಲೆ ಬೇಕೆಂದರೆ ಸಣ್ಣ ಎಸಳುಗಳನ್ನು ಬೇರೆ ಕುಂಡದಲ್ಲಿ ಒತ್ತಾಗಿ ಊರಿಬಿಡಿ, ಯಾವಾಗ ಬೇಕಾದರೂ ಕತ್ತರಿಸಿ. ಜನವರಿ ಹೊತ್ತಿಗೆ ಎಲೆಯ ಮೇಲೆ ಬೆಳ್ಳಿಗೆರೆ ಕಂಡರೆ ಥ್ರಿಪ್ಸ್ ನುಸಿ ಬಂದಿದೆ ಎಂದರ್ಥ. ಪೈಪಿನಿಂದ ರಭಸದ ನೀರು, ಆಮೇಲೆ ಬೇವಿನೆಣ್ಣೆ.

ಶಿವರಾತ್ರಿ ಕಳೆದು ಕೆಳಗಿನ ಎಲೆಗಳು ಒಣಗುತ್ತಿದ್ದಂತೆ ನೀರು ನಿಲ್ಲಿಸಬೇಕು. ಎರಡು ವಾರ ಬಿಟ್ಟು, ಅರ್ಧದಷ್ಟು ಎಲೆ ಇನ್ನೂ ಹಸಿರಿರುವಾಗಲೇ ಕುರ್ಪಿಯಿಂದ ಮಣ್ಣು ಸಡಿಲಿಸಿ ತೆಗೆಯಬೇಕು. ಪೂರ್ತಿ ಒಣಗಲಿ ಎಂದು ಕಾದರೆ ಸಿಪ್ಪೆ ಹರಿದು ಎಸಳು ಮಣ್ಣಲ್ಲೇ ಚದುರುತ್ತವೆ. ಒಣಗಿಸುವುದು ನೆರಳಿನಲ್ಲಿ, ಗಾಳಿಯಾಡುವಲ್ಲಿ. ಮಾರ್ಚಿನ ತಾರಸಿ ಬಿಸಿಲಿನಲ್ಲಿಟ್ಟರೆ ಬೆಂದುಹೋದೀತು.

ಗಡ್ಡೆ ಅಂಗಡಿಯದಕ್ಕಿಂತ ಸಣ್ಣದು, ಘಾಟು ಮಾತ್ರ ಜೋರು. ಒಂಟಿ ಗಡ್ಡೆಗಳನ್ನು ಸುಲಿಯುವುದು ಸುಲಭ, ಅವು ಸೀದಾ ಖಾರ ಕುಟ್ಟುವ ಒರಳಿಗೆ. ಎಲ್ಲಕ್ಕಿಂತ ದಪ್ಪನೆಯವನ್ನು ಮುಂದಿನ ದೀಪಾವಳಿಗೆ ಬೀಜವೆಂದು ಎತ್ತಿಡಬೇಕು, ಅಡುಗೆಮನೆಯವರ ಕಣ್ಣಿಗೆ ಬೀಳದ ಕಡೆ.