ಹಗ್ಗದ ತುದಿಯ ಬಕೆಟ್ಟು

ಜೆಸಿಬಿಗೆ ಕೈ ಇದೆ. ಭುಜ, ಮೊಣಕೈ, ಮಣಿಕಟ್ಟು ಎಲ್ಲವೂ ಇವೆ. ಹೈಡ್ರಾಲಿಕ್ ಒತ್ತಡದ ಬಲದಿಂದ ಅದು ಬಕೆಟ್ಟನ್ನು ನೆಲಕ್ಕೆ ಒತ್ತುತ್ತದೆ, ಬೇಕಾದ ಹಾಗೆ ಮಗುಚುತ್ತದೆ. ಡ್ರ್ಯಾಗ್‌ಲೈನ್ ಎಂಬ ಕ್ರೇನಿಗೆ ಆ ಭಾಗ್ಯವಿಲ್ಲ. ಬೂಮು ಎಂಬ ಉದ್ದನೆಯ ಓರೆ ಕಂಬದ ತುದಿಯಿಂದ ಒಂದು ಹಗ್ಗ ಇಳಿಬಿದ್ದಿರುತ್ತದೆ, ಯಂತ್ರದ ಬುಡದಿಂದ ಇನ್ನೊಂದು ಹೊರಟಿರುತ್ತದೆ, ಎರಡೂ ಕೂಡುವಲ್ಲಿ ಬಕೆಟ್ಟು ತೂಗಾಡುತ್ತದೆ. ಹಗ್ಗಕ್ಕೆ ಎಳೆಯಲು ಬರುತ್ತದೆ, ತಳ್ಳಲು ಬರುವುದಿಲ್ಲ. ಇಷ್ಟನ್ನೇ ನೆಚ್ಚಿಕೊಂಡು ಮಣ್ಣು ಬಾಚಬೇಕು, ಎತ್ತಬೇಕು, ಪಕ್ಕಕ್ಕೆ ತಿರುಗಿ ಸುರಿಯಬೇಕು. ಇಂಥ ಯಂತ್ರವನ್ನು ಮೇಜಿನ ಮೇಲೆ ನಿಲ್ಲುವಷ್ಟು ಚಿಕ್ಕದಾಗಿ ಕಟ್ಟಿ, ರಿಮೋಟ್ ಹಿಡಿದು ನಿಜವಾದ ಮರಳನ್ನು ತೋಡಿಸುವುದು ಕೆಲವರ ಹವ್ಯಾಸ. ಅಂಗಡಿಯಲ್ಲಿ ಸಿಗುವ ರಿಮೋಟ್ ಜೆಸಿಬಿಗಳಿಗಿಂತ ಇದು ಎಷ್ಟೋ ಕಷ್ಟದ್ದು. ನನ್ನ ಮಟ್ಟಿಗೆ ಎಷ್ಟೋ ಚೆಂದದ್ದು ಕೂಡ.

ಷಿಕಾಗೊದ ಗುತ್ತಿಗೆದಾರ ಜಾನ್ ಪೇಜ್ 1904ರಲ್ಲಿ ಮೊದಲ ಡ್ರ್ಯಾಗ್‌ಲೈನ್ ಹೂಡಿದ. ನೀರು ನಿಂತ ಹಳ್ಳ, ಕೆಸರಿನ ಕಾಲುವೆ ಹೀಗೆ ಯಂತ್ರ ಇಳಿಯಲಾಗದ ಕಡೆ ದಡದಲ್ಲಿ ನಿಂತೇ ದೂರದ ಮಣ್ಣನ್ನು ಎಳೆದು ತರುವುದು ಅದರ ಹೆಚ್ಚುಗಾರಿಕೆ. ಗಣಿಗಳಿಗೆ ಹೋದ ಮೇಲೆ ಅದು ಮಿತಿಮೀರಿ ಬೆಳೆಯಿತು. ಅಮೆರಿಕದ ಒಹಾಯೊದಲ್ಲಿ 1969ರಿಂದ 1991ರವರೆಗೆ ದುಡಿದ ‘ಬಿಗ್ ಮಸ್ಕಿ’ಯ ಬಕೆಟ್ಟು ಒಂದೇ ಸಲಕ್ಕೆ 168 ಘನ ಮೀಟರ್ ಮಣ್ಣು ಎತ್ತುತ್ತಿತ್ತು. 1999ರಲ್ಲಿ ಯಂತ್ರ ಗುಜರಿಗೆ ಹೋಯಿತು; ಬಕೆಟ್ಟನ್ನು ಮಾತ್ರ ಸ್ಮಾರಕವಾಗಿ ಉಳಿಸಿಕೊಂಡಿದ್ದಾರೆ. ನಮ್ಮಲ್ಲೂ ಸಿಂಗ್ರೌಲಿಯ ಕಲ್ಲಿದ್ದಲು ಗಣಿಗಳಲ್ಲಿ ದೊಡ್ಡ ಡ್ರ್ಯಾಗ್‌ಲೈನ್‌ಗಳಿವೆ.

ಮಾದರಿ ಕಟ್ಟುವವರ ಕಣ್ಣು ಬೀಳುವುದು ಸಾಮಾನ್ಯವಾಗಿ ಇಂಥ ದೈತ್ಯರ ಮೇಲಲ್ಲ, ಇಂಗ್ಲೆಂಡಿನ 22-ಆರ್‌ಬಿಯಂಥ ಮಧ್ಯಮ ಗಾತ್ರದ ಯಂತ್ರಗಳ ಮೇಲೆ. ರಸ್ಟನ್ ಅಂಡ್ ಹಾರ್ನ್ಸ್‌ಬಿ ಮತ್ತು ಅಮೆರಿಕದ ಬ್ಯೂಸೈರಸ್-ಈರಿ ಕಂಪನಿಗಳು 1930ರಲ್ಲಿ ಕೈಜೋಡಿಸಿ ಲಿಂಕನ್ ಪಟ್ಟಣದಲ್ಲಿ ರಸ್ಟನ್-ಬ್ಯೂಸೈರಸ್ ಕಾರ್ಖಾನೆ ತೆರೆದವು. ಅಲ್ಲಿ ತಯಾರಾದ ಈ ಯಂತ್ರಕ್ಕೆ ಮುಂದಿನ ಭಾಗ ಬದಲಿಸಿದರೆ ಸಾಕು: ಇವತ್ತು ಡ್ರ್ಯಾಗ್‌ಲೈನ್, ನಾಳೆ ಎರಡು ದವಡೆಯ ಗ್ರ್ಯಾಬ್, ನಾಡಿದ್ದು ಬರೀ ಕೊಕ್ಕೆಯ ಕ್ರೇನ್. ಮಾದರಿಯಲ್ಲೂ ಇದೇ ಅನುಕೂಲ. ಒಂದು ಸಲ ಬುಡ ಕಟ್ಟಿಕೊಂಡರೆ ಮುಂದೆ ವರ್ಷಗಟ್ಟಲೆ ಕೆಲಸವಿರುತ್ತದೆ.

ಆಟಿಕೆಗೂ ಕ್ರೇನಿಗೂ ನಂಟು ಹಳೆಯದು. ಲಿವರ್‌ಪೂಲಿನ ಫ್ರ್ಯಾಂಕ್ ಹಾರ್ನ್‌ಬಿ ತನ್ನ ಮಕ್ಕಳಿಗಾಗಿ ತಗಡಿನ ಸೇತುವೆ, ಕ್ರೇನುಗಳನ್ನು ಮಾಡುತ್ತಿದ್ದ. ಪ್ರತಿ ಆಟಿಕೆಗೂ ಹೊಸದಾಗಿ ತಗಡು ಕತ್ತರಿಸುವ ಬದಲು ತೂತು ಕೊರೆದ ಪಟ್ಟಿಗಳನ್ನೇ ಬಿಚ್ಚಿ ಕಟ್ಟಿದರಾಯಿತಲ್ಲ ಎಂದು ಹೊಳೆದದ್ದರಿಂದ 1901ರ ಪೇಟೆಂಟು ಬಂತು, ಮುಂದೆ ಅದೇ ಮೆಕ್ಯಾನೊ ಆಯಿತು. ನಮ್ಮ ಮಕ್ಕಳು ನಟ್ಟು ಬೋಲ್ಟು ಬಿಗಿದು ಆಡಿದ ‘ಮೆಕ್ಯಾನಿಕ್ಸ್’ ಸೆಟ್ಟು ಅದೇ ವಂಶದ ಕುಡಿ. ತಂತಿಯಿಲ್ಲದೆ ದೂರದಿಂದ ನಡೆಸುವ ವಿದ್ಯೆಯೂ ಹೊಸದೇನಲ್ಲ. ನಿಕೊಲಾ ಟೆಸ್ಲಾ 1898ರಲ್ಲೇ ನ್ಯೂಯಾರ್ಕಿನಲ್ಲಿ ಪುಟ್ಟ ದೋಣಿಯೊಂದನ್ನು ರೇಡಿಯೊ ಅಲೆಗಳಿಂದ ತಿರುಗಿಸಿ ತೋರಿಸಿದ್ದ.

ಈಗ ಕಟ್ಟುವ ಮಾತು. ಜನ ಹೆಚ್ಚಾಗಿ ಆರಿಸಿಕೊಳ್ಳುವ ಅಳತೆಗಳಲ್ಲಿ 1:14 ಒಂದು, ಅಂದರೆ ಅಸಲಿನ ಹದಿನಾಲ್ಕನೇ ಒಂದು ಭಾಗ. ಜಪಾನಿನ ತಮಿಯಾ ಕಂಪನಿಯ ರಿಮೋಟ್ ಲಾರಿಗಳು ಇದೇ ಅಳತೆಯವು, ಹಾಗಾಗಿ ಕ್ರೇನು ತೋಡಿದ ಮಣ್ಣು ತುಂಬಲು ಪಕ್ಕದಲ್ಲಿ ಟಿಪ್ಪರ್ ನಿಲ್ಲಿಸಬಹುದು. ಬೂಮಿಗೆ ಹಿತ್ತಾಳೆಯ ಎಲ್ ಪಟ್ಟಿಗಳನ್ನು ಜಾಲರಿಯಂತೆ ಬೆಸೆಯುತ್ತಾರೆ. ಮೈಗೆ ಪ್ಲಾಸ್ಟಿಕ್ ಹಾಳೆ ಅಥವಾ ಅಲ್ಯುಮಿನಿಯಂ ತಗಡು. ಸಪೂರವಾಗಿದ್ದರೂ ಗಟ್ಟಿಯಿರುವ, ಹೆಣೆದ ಮೀನುಗಾರಿಕೆಯ ದಾರವೇ ಹಗ್ಗ. ಅಸಲಿ ಯಂತ್ರದಲ್ಲಿ ಒಂದೇ ಡೀಸೆಲ್ ಎಂಜಿನ್ ಕ್ಲಚ್ಚುಗಳ ಮೂಲಕ ಎಲ್ಲ ಕೆಲಸ ಮಾಡಿಸುತ್ತಿತ್ತು. ಮಾದರಿಯಲ್ಲಿ ಒಂದೊಂದು ಕೆಲಸಕ್ಕೂ ಒಂದೊಂದು ಗೇರ್ ಮೋಟಾರು. ಎತ್ತುವ ಹಗ್ಗ, ಎಳೆಯುವ ಹಗ್ಗ, ಬೂಮು, ಸುತ್ತು, ಓಡಾಟದ ಎಡ ಪಟ್ಟೆ, ಬಲ ಪಟ್ಟೆ ಎಂದು ಲೆಕ್ಕ ಹಾಕಿದರೆ ರಿಮೋಟಿನಲ್ಲಿ ಕನಿಷ್ಠ ಆರು ಚಾನೆಲ್ ಬೇಕು. ಮೇಲ್ಭಾಗ ಸುತ್ತುತ್ತಲೇ ಇದ್ದರೆ ಕೆಳಗಿನ ಮೋಟಾರುಗಳಿಗೆ ಹೋಗುವ ವೈರು ತಿರುಚಿಕೊಳ್ಳುತ್ತದೆ, ಅದಕ್ಕೆ ನಡುವೆ ಸ್ಲಿಪ್ ರಿಂಗ್ ಕೂರಿಸುತ್ತಾರೆ. ಬೇರೆ ಮಾದರಿಗಳಲ್ಲಿ ಹಗುರದ ಬ್ಯಾಟರಿಗೆ ದುಡ್ಡು ಸುರಿಯುವ ಹವ್ಯಾಸಿಗಳು ಇಲ್ಲಿ ಸೀಸದ ಭಾರದ ಬ್ಯಾಟರಿಯನ್ನೇ ಹುಡುಕಿ ತಂದು ಹಿಂಬದಿಯಲ್ಲಿಡುತ್ತಾರೆ. ಕರೆಂಟೂ ಆಯಿತು, ಮುಂದಕ್ಕೆ ಮುಗ್ಗರಿಸದಂತೆ ಎದುರುಭಾರವೂ ಆಯಿತು.

ಇಷ್ಟೂ ಸುಲಭದ ಭಾಗ. ಬಕೆಟ್ಟಿಗೆ ಬಂದಾಗ ಅಸಲಿ ಪರೀಕ್ಷೆ.

ಅಳತೆಯನ್ನು ಹದಿನಾಲ್ಕು ಪಟ್ಟು ಇಳಿಸಿದರೆ ತೂಕ ಇಳಿಯುವುದು 14 ಪಟ್ಟಲ್ಲ, 2,744 ಪಟ್ಟು. ಒಂದು ಟನ್ನಿನ ಬಕೆಟ್ಟು 364 ಗ್ರಾಂ ಆಗಿಬಿಡುತ್ತದೆ. ಮಣ್ಣು ಮಾತ್ರ ಕುಗ್ಗುವುದಿಲ್ಲ. ಒಂದು ಮಿಲಿಮೀಟರ್ ಗಾತ್ರದ ಮರಳಿನ ಕಣ ಈ ಬಕೆಟ್ಟಿನ ಪಾಲಿಗೆ 14 ಮಿಲಿಮೀಟರಿನ ಜಲ್ಲಿ. ಒದ್ದೆ ಮಣ್ಣಿನ ಅಂಟು ಇದ್ದಷ್ಟೇ ಇರುತ್ತದೆ, ಅದನ್ನು ಸೀಳಬೇಕಾದ ಭಾರ ಮಾತ್ರ ಮಾಯ. ಡ್ರ್ಯಾಗ್‌ಲೈನ್ ತೋಡುವುದು ಬಕೆಟ್ಟಿನ ಸ್ವಂತ ತೂಕದಿಂದಲೇ ಆದ್ದರಿಂದ, ನಕ್ಷೆಯ ಪ್ರಕಾರ ಅಚ್ಚುಕಟ್ಟಾಗಿ ಮಾಡಿದ ಬಕೆಟ್ಟು ಮಣ್ಣನ್ನು ಕಚ್ಚದೆ ಮೇಲೆ ಮೇಲೆ ಜಾರಿಕೊಂಡು ಬರುತ್ತದೆ. ತಳಕ್ಕೆ ಸೀಸ ಅಂಟಿಸಬೇಕು, ಹಲ್ಲುಗಳನ್ನು ತುಸು ಉದ್ದ ಮಾಡಿ ಅರ ಹಾಕಿ ಮಸೆಯಬೇಕು. ಎಷ್ಟು ಸೀಸ, ಎಲ್ಲಿ ಎಂಬುದನ್ನು ಯಾವ ನಕ್ಷೆಯೂ ಹೇಳುವುದಿಲ್ಲ.

ಏಕೆಂದರೆ ಈ ಬಕೆಟ್ಟಿನ ಜಾಣ್ಮೆಯೆಲ್ಲ ಇರುವುದು ಅದರ ಸಮತೋಲದಲ್ಲಿ. ಎತ್ತುವ ಸರಪಳಿಗಳು ಅದರ ಎರಡು ಪಕ್ಕೆಗಳಲ್ಲಿ, ಭಾರದ ನಡುವಿಗಿಂತ ಕೊಂಚ ಹಿಂದಕ್ಕೆ ಸಿಕ್ಕಿಕೊಂಡಿರುತ್ತವೆ. ಬಿಟ್ಟರೆ ಬಾಯಿ ಕೆಳಗಾಗಿ ಮಗುಚುವುದೇ ಅದರ ಸ್ವಭಾವ. ಮಗುಚದಂತೆ ತಡೆಯಲು ಮೂರನೆಯದೊಂದು ಗಿಡ್ಡ ಹಗ್ಗವಿದೆ. ಅದರ ಒಂದು ತುದಿ ಬಕೆಟ್ಟಿನ ಬಾಯಿಯ ಮೇಲಿನ ಕಮಾನಿಗೆ, ಇನ್ನೊಂದು ತುದಿ ಎಳೆಯುವ ಹಗ್ಗಕ್ಕೆ, ನಡುವೆ ಮೇಲೊಂದು ಪುಟ್ಟ ರಾಟೆ. ಎಳೆಯುವ ಹಗ್ಗ ಬಿಗಿಯಾಗಿರುವವರೆಗೂ ಈ ಗಿಡ್ಡ ಹಗ್ಗ ಬಾಯನ್ನು ಮೇಲೆತ್ತಿ ಹಿಡಿದಿರುತ್ತದೆ. ಸಡಿಲ ಬಿಟ್ಟೊಡನೆ ಬಾಯಿ ಜೋತು ಮಣ್ಣೆಲ್ಲ ಸುರಿಯುತ್ತದೆ. ಸುರಿಯುವುದಕ್ಕೆಂದು ಬೇರೆ ಮೋಟಾರಿಲ್ಲ, ಬೇರೆ ಚಾನೆಲ್ಲಿಲ್ಲ. ಮಾದರಿಯಲ್ಲಿ ಈ ದಾರ ಅರ್ಧ ಸೆಂಟಿಮೀಟರ್ ಉದ್ದವಾದರೆ ದಾರಿಯಲ್ಲೇ ಮಣ್ಣು ಚೆಲ್ಲಬಹುದು, ಗಿಡ್ಡವಾದರೆ ಬಕೆಟ್ಟು ಸುರಿಯಲೊಲ್ಲದು. ಗಂಟು ಬಿಚ್ಚಿ, ಕಟ್ಟಿ, ಮತ್ತೆ ಬಿಚ್ಚಿ ಹದ ಕಾಣಬೇಕು. ತಳಕ್ಕೆ ಅಂಟಿಸಿದ ಸೀಸ ತುಸು ಹಿಂದೆ ಸರಿದಿದ್ದರೂ ಈ ಹದ ಕೆಡುತ್ತದೆ.

ಇನ್ನು ನಡೆಸುವುದು. ಬಾವಿಗೆ ಬಿದ್ದ ಕೊಡವನ್ನು ಪಾತಾಳಗರಡಿಯಿಂದ ಎತ್ತಿದವರಿಗೆ ಹಗ್ಗದ ತುದಿಯ ಕೆಲಸದ ಅಂದಾಜಿರುತ್ತದೆ: ಕೈ ಮಾಡಿದ್ದು ಒಂದು, ಕೊಕ್ಕೆ ಕೇಳಿಸಿಕೊಂಡದ್ದು ಇನ್ನೊಂದು. ಹತ್ತು ಮೀಟರ್ ಹಗ್ಗದಲ್ಲಿ ತೂಗುವ ಅಸಲಿ ಬಕೆಟ್ಟು ಹೋಗಿ ಬರಲು ಆರು ಸೆಕೆಂಡಿಗೂ ಹೆಚ್ಚು ಬೇಕು. ಮಾದರಿಯಲ್ಲಿ ಆ ಹಗ್ಗ 71 ಸೆಂಟಿಮೀಟರ್, ತೂಗಾಟಕ್ಕೆ 1.7 ಸೆಕೆಂಡ್. ಯೋಚಿಸಿ ಗುಂಡಿ ಒತ್ತುವಷ್ಟು ಪುರುಸೊತ್ತಿಲ್ಲ. ಕ್ರೇನು ಸುತ್ತಿ ನಿಂತಾಗ ಬಕೆಟ್ಟು ಮುಂದಕ್ಕೆ ತೂರುತ್ತದೆ. ಅದು ತನ್ನ ಓಟದ ಕೊನೆ ಮುಟ್ಟುವ ಹೊತ್ತಿಗೆ ಸರಿಯಾಗಿ ಬೂಮನ್ನು ಅದರ ನೆತ್ತಿಯ ಮೇಲೆ ತಂದರೆ ತಟಕ್ಕನೆ ನಿಲ್ಲುತ್ತದೆ. ಬಲಗೈಯಲ್ಲಿ ಎತ್ತುವ ಕಡ್ಡಿ, ಎಡಗೈಯಲ್ಲಿ ಎಳೆಯುವ ಕಡ್ಡಿ ಹಿಡಿದು ಒಂದನ್ನು ಬಿಗಿಯುತ್ತ ಇನ್ನೊಂದನ್ನು ಅಷ್ಟಷ್ಟೇ ಬಿಡುತ್ತ ಹೋಗಬೇಕು. ಹೆಚ್ಚು ಬಿಟ್ಟರೆ ದಾರ ಡ್ರಮ್ಮಿನಲ್ಲಿ ಸಿಕ್ಕಾಗಿ ಆವತ್ತಿನ ಆಟ ಅಲ್ಲಿಗೆ ಮುಗಿಯಿತು.

ಪಳಗಿದ ಆಪರೇಟರುಗಳು ಅಸಲಿ ಯಂತ್ರದಲ್ಲಿ ಬಕೆಟ್ಟನ್ನು ಮೊದಲು ತಮ್ಮತ್ತ ಎಳೆದು, ತಟ್ಟನೆ ಬಿಟ್ಟು, ಬೂಮಿನ ತುದಿಗಿಂತಲೂ ಆಚೆಗೆ ಬೀಸಿ ಒಗೆಯುತ್ತಾರೆ. ಮಾದರಿಯಲ್ಲಿ ಇದನ್ನು ಸಾಧಿಸಬೇಕಾದರೆ ವರ್ಮ್ ಗೇರು ಬಿಡಬೇಕಾಗುತ್ತದೆ. ಆ ಗೇರು ಭಾರವನ್ನು ತಾನಾಗಿ ಹಿಡಿದು ನಿಲ್ಲಿಸುವುದು ನಿಜ, ಹಗ್ಗವನ್ನು ಸರ್ರನೆ ಹರಿಯಬಿಡುವುದಿಲ್ಲ. ಹಟವಾದಿಗಳು ಸಾದಾ ಗೇರು ಹಾಕಿ, ಪುಟ್ಟ ಸರ್ವೊದಿಂದ ಕ್ಲಚ್ಚು ಬಿಡಿಸಿ, ಡ್ರಮ್ಮಿಗೆ ತೊಗಲಿನ ಬ್ರೇಕು ಕಟ್ಟಿ ಒಗೆಯಿಸುತ್ತಾರೆ. ಅಷ್ಟೆಲ್ಲ ತಾಪತ್ರಯ ಯಾಕೆ ಎನ್ನುವವರಿಗೆ ಈ ಹವ್ಯಾಸವೇ ಬೇಡ.

ಯುರೋಪಿನಲ್ಲಿ ಇಂಥವರಿಗೆ ದೊಡ್ಡ ಮೇಳಗಳಿವೆ. ಜರ್ಮನಿಯ ಡೋರ್ಟ್‌ಮುಂಡ್‌ನಲ್ಲಿ ಪ್ರತಿವರ್ಷ ನಡೆಯುವ ‘ಇಂಟರ್‌ಮೊಡೆಲ್‌ಬಾವ್’ನಲ್ಲಿ ಲಾರಿ, ಬುಲ್ಡೋಜರ್, ಕ್ರೇನುಗಳ ಮಾದರಿಗಳು ನಿಜವಾದ ಮಣ್ಣಿನಲ್ಲಿ ಕೆಲಸ ಮಾಡುತ್ತವೆ. ಕರ್ನಾಟಕದಲ್ಲಿ ಮಾದರಿ ವಿಮಾನ, ಡ್ರೋನ್ ಹಾರಿಸುವವರು ಕಣ್ಣಿಗೆ ಬೀಳುವಷ್ಟು ಕ್ರೇನ್ ಕಟ್ಟುವವರು ಬೀಳುವುದಿಲ್ಲ. ಕೆಜಿಎಫ್‌ನ ಬಿಇಎಂಎಲ್ ಕಾರ್ಖಾನೆಯಿಂದ ಬುಲ್ಡೋಜರು, ಎಕ್ಸ್‌ಕವೇಟರುಗಳು ಹೊರಬರುವ ನಾಡಿನಲ್ಲಿ ಇದು ಸೋಜಿಗವೇ.

ಸಾಮಾನಿಗೇನೂ ಬರವಿಲ್ಲ. ಗೇರ್ ಮೋಟಾರು, ಬೇರಿಂಗು, ಬ್ಯಾಟರಿಗೆ ಬೆಂಗಳೂರಿನ ಎಸ್.ಪಿ. ರೋಡ್ ಇದೆ. ಪಟ್ಟೆಯ ಕೊಂಡಿಗಳನ್ನು ತ್ರೀಡಿ ಪ್ರಿಂಟ್ ಮಾಡಿಸಬಹುದು. 2.4 ಗಿಗಾಹರ್ಟ್ಸ್ ತರಂಗಗಳು 2005ರಿಂದ ಲೈಸೆನ್ಸ್ ಮುಕ್ತವಾಗಿವೆ, ಅದರ ರಿಮೋಟುಗಳು ಆನ್‌ಲೈನಿನಲ್ಲೂ ಸಿಗುತ್ತವೆ. ಆದರೆ ಮೊದಲು ರಿಮೋಟ್ ಕೊಳ್ಳಬೇಡಿ. ಒಂದು ಮರದ ಕೋಲನ್ನು ಓರೆಯಾಗಿ ನಿಲ್ಲಿಸಿ ತುದಿಗೆ ರಾಟೆ ಕಟ್ಟಿ. ಎಣ್ಣೆ ಡಬ್ಬದ ತಗಡಿನಿಂದ ಬಕೆಟ್ಟು ಕತ್ತರಿಸಿ ಬೆಸೆದು, ಮೂರು ದಾರ ಹಾಕಿ, ಎರಡನ್ನು ಕೈಯಲ್ಲೇ ಹಿಡಿದು ಒಣ ಎಂ-ಸ್ಯಾಂಡ್ ಗುಡ್ಡೆಯಲ್ಲಿ ಆಡಿಸಿ ನೋಡಿ. ಅದು ಕಚ್ಚಿ, ತುಂಬಿ, ಚೆಲ್ಲದೆ ಬಂದು, ಹೇಳಿದ ಕಡೆ ಸುರಿದರೆ ಆಮೇಲೆ ಮೋಟಾರಿನ ಅಂಗಡಿಗೆ ಹೋಗಬಹುದು.