ನಗರದ ನಕ್ಷೆ ಮತ್ತು ಹೊಗೆಯ ಲೆಕ್ಕ

ವಾಹನಗಳ ಮಾಲಿನ್ಯ ಎಂದೊಡನೆ ನಮ್ಮ ಗಮನ ಎಂಜಿನ್ ಹಾಗೂ ಇಂಧನದ ಕಡೆಗೆ ಹರಿಯುತ್ತದೆ. ಆದರೆ ಮನೆ, ಶಾಲೆ, ಕಚೇರಿ, ಮಾರುಕಟ್ಟೆಗಳು ಪರಸ್ಪರ ಎಷ್ಟು ದೂರದಲ್ಲಿವೆ ಎಂಬುದೂ ಅಷ್ಟೇ ಮುಖ್ಯ. ಇದನ್ನು ಬಹುಮಟ್ಟಿಗೆ ನಿರ್ಧರಿಸುವುದು ನಗರದ ಭೂಬಳಕೆ ಯೋಜನೆ.

ಪ್ರಯಾಣದಿಂದ ವಾತಾವರಣಕ್ಕೆ ಸೇರುವ ಇಂಗಾಲದ ಡೈಆಕ್ಸೈಡನ್ನು ಸರಳ ಗುಣಾಕಾರವಾಗಿ ಬರೆಯಬಹುದು:

ಒಟ್ಟು ಪ್ರಮಾಣ = ಪ್ರಯಾಣಗಳ ಸಂಖ್ಯೆ × ಸರಾಸರಿ ದೂರ × ಒಬ್ಬ ಪ್ರಯಾಣಿಕನಿಗೆ ಪ್ರತಿ ಕಿ.ಮೀ.ಗೆ ತಗಲುವ ಪ್ರಮಾಣ

ಮೊದಲು ಕೊನೆಯ ಅಂಶವನ್ನು ನೋಡೋಣ. ಒಂದು ಲೀಟರ್ ಪೆಟ್ರೋಲ್ ದಹಿಸಿದಾಗ ಸುಮಾರು 2.3 ಕಿ.ಗ್ರಾಂ., ಡೀಸೆಲ್ ದಹಿಸಿದಾಗ ಸುಮಾರು 2.7 ಕಿ.ಗ್ರಾಂ. ಇಂಗಾಲದ ಡೈಆಕ್ಸೈಡ್ ಉತ್ಪತ್ತಿಯಾಗುತ್ತದೆ. ಲೀಟರಿಗೆ 15 ಕಿ.ಮೀ. ಓಡುವ ಪೆಟ್ರೋಲ್ ಕಾರಿನಲ್ಲಿ ಒಬ್ಬರೇ ಇದ್ದರೆ ಪ್ರತಿ ಕಿ.ಮೀ.ಗೆ ಸುಮಾರು 150 ಗ್ರಾಂ. ಲೀಟರಿಗೆ 4 ಕಿ.ಮೀ. ಓಡುವ ಡೀಸೆಲ್ ಬಸ್ಸಿನಲ್ಲಿ 40 ಜನರಿದ್ದರೆ ತಲಾ ಸುಮಾರು 17 ಗ್ರಾಂ ಮಾತ್ರ.

ಈಗ ದೂರವನ್ನು ಸೇರಿಸೋಣ. ಕಚೇರಿ 20 ಕಿ.ಮೀ. ದೂರವಿದ್ದರೆ ಒಮ್ಮೆ ಹೋಗಲು ಕಾರಿನಲ್ಲಿ 3 ಕಿ.ಗ್ರಾಂ., ಬಸ್ಸಿನಲ್ಲಿ 340 ಗ್ರಾಂ. ದೂರ 5 ಕಿ.ಮೀ.ಗೆ ಇಳಿದರೆ ಬಸ್ಸಿನಲ್ಲಿ 85 ಗ್ರಾಂ, ಅಂದರೆ ಕಾರಿನ ಮೊದಲ ಲೆಕ್ಕದ ಸುಮಾರು 35ರಲ್ಲಿ ಒಂದು ಪಾಲು.

ಇಲ್ಲೊಂದು ಸೂಕ್ಷ್ಮವಿದೆ. ಈ ಎರಡು ಅಂಶಗಳು ಸ್ವತಂತ್ರವಲ್ಲ. ಮನೆಗಳು ದೂರ ದೂರ ಚದುರಿದ ಬಡಾವಣೆಯಲ್ಲಿ ಬಸ್ಸು ತುಂಬುವುದಿಲ್ಲ. ಅದೇ ಬಸ್ಸಿನಲ್ಲಿ ಐದೇ ಜನರಿದ್ದರೆ ತಲಾ 135 ಗ್ರಾಂ. ಕಾರಿಗೂ ಬಸ್ಸಿಗೂ ಹೆಚ್ಚಿನ ವ್ಯತ್ಯಾಸವೇ ಉಳಿಯದು! ಆದ್ದರಿಂದ ಸಾರಿಗೆ ನೀತಿ ಮತ್ತು ಭೂಬಳಕೆಯನ್ನು ಜೊತೆಯಾಗಿಯೇ ರೂಪಿಸಬೇಕು.

ಬ್ರೆಜಿಲ್ ದೇಶದ ಕುರಿಟಿಬಾ ನಗರ ಇದಕ್ಕೆ ಪ್ರಸಿದ್ಧ ನಿದರ್ಶನ. ನಗರವು ಕೆಲವು ನಿರ್ದಿಷ್ಟ ಅಕ್ಷಗಳ ಉದ್ದಕ್ಕೂ ಬೆಳೆಯಬೇಕೆಂದು 1966ರ ಯೋಜನೆ ಸೂಚಿಸಿತು. ವಾಸ್ತುಶಿಲ್ಪಿ ಜೈಮೆ ಲರ್ನರ್ ಮೇಯರ್ ಆಗಿದ್ದಾಗ, 1974ರಲ್ಲಿ, ಈ ಅಕ್ಷಗಳಲ್ಲಿ ಬಸ್ಸುಗಳಿಗೇ ಮೀಸಲಾದ ಪಥಗಳು ಆರಂಭವಾದವು. ಎತ್ತರದ ಕಟ್ಟಡಗಳಿಗೆ ಈ ಪಥಗಳ ಪಕ್ಕದಲ್ಲೇ ಆದ್ಯತೆ ದೊರೆಯಿತು. ಹೀಗೆ ಬಸ್ಸಿದ್ದಲ್ಲಿ ಜನರೂ ನೆಲೆಸಿದರು.

ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಈ ಕ್ರಮ ತಿರುವುಮುರುವಾಯಿತು. ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದವರೆಗೆ ತಂತ್ರಾಂಶ ಕಚೇರಿಗಳು ಮೊದಲು ಬಂದವು. ಅಲ್ಲಿನ ಮೆಟ್ರೊ ಮಾರ್ಗಕ್ಕೆ ಕೇಂದ್ರ ಸಂಪುಟದ ಅನುಮೋದನೆ ದೊರೆತದ್ದು 2021ರ ಏಪ್ರಿಲ್‌ನಲ್ಲಿ. ಅಷ್ಟರಲ್ಲಿ ಅಲ್ಲಿ ದುಡಿಯುವವರು ತಮ್ಮ ಮನೆಯನ್ನೂ ವಾಹನವನ್ನೂ ಆಯ್ದುಕೊಂಡಾಗಿತ್ತು.

ವಿದ್ಯುತ್ ಕಾರುಗಳು ಈ ತೊಡಕನ್ನು ಬಿಡಿಸಬಲ್ಲವೇ? ಭಾಗಶಃ ಮಾತ್ರ. ಅವು ರಸ್ತೆಯಲ್ಲಿ ಹೊಗೆ ಉಗುಳುವುದಿಲ್ಲ. ಬ್ರೇಕ್ ಹಾಕಿದಾಗ ಚಲನಶಕ್ತಿಯ ಒಂದು ಭಾಗವನ್ನು ಬ್ಯಾಟರಿಗೆ ಮರಳಿಸುತ್ತವೆ. ಆದರೆ ಕ್ರಮಿಸಬೇಕಾದ ದೂರ, ನಿಲುಗಡೆಗೆ ಬೇಕಾದ ನೆಲ, ಟೈರು ಸವೆದು ಏಳುವ ದೂಳು ಹಾಗೆಯೇ ಉಳಿಯುತ್ತವೆ. ಹಳೆಯ ವಾಹನವನ್ನು ಕೆಲವೇ ವರ್ಷಗಳಲ್ಲಿ ಗುಜರಿಗೆ ಹಾಕಬಹುದು. ಒಮ್ಮೆ ಹಾಕಿದ ರಸ್ತೆ, ಬಡಾವಣೆಗಳನ್ನು ಬದಲಿಸಲು ತಲೆಮಾರುಗಳೇ ಬೇಕು.

ಶಿಕ್ಷಕರು ಇದನ್ನು ತರಗತಿಯ ಚಟುವಟಿಕೆಯಾಗಿಸಬಹುದು. ಪ್ರತಿ ವಿದ್ಯಾರ್ಥಿಯೂ ಶಾಲೆಗೆ ಬರುವ ದೂರ ಮತ್ತು ವಾಹನವನ್ನು ಬರೆದು, ಮೇಲಿನ ಸೂತ್ರದಿಂದ ತರಗತಿಯ ಒಟ್ಟು ಪ್ರಮಾಣವನ್ನು ಕಂಡುಹಿಡಿಯಲಿ. ಬಳಿಕ ಒಮ್ಮೆ ವಾಹನವನ್ನು, ಇನ್ನೊಮ್ಮೆ ದೂರವನ್ನು ಬದಲಿಸಿ ಲೆಕ್ಕ ಹಾಕಲಿ. ಹೊಗೆಯಲ್ಲಿ ವಾಹನದ ಪಾಲೆಷ್ಟು, ನಕ್ಷೆಯ ಪಾಲೆಷ್ಟು ಎಂಬುದು ಅವರಿಗೇ ತಿಳಿಯುತ್ತದೆ.