ಗಾಜಿನ ತೊಟ್ಟಿಗೆ ಯಾವ ಗಿಡ?

ಮಕ್ಕಳು ಈದಿ ಹಣ ಕೂಡಿಟ್ಟು ಅಕ್ವೇರಿಯಂ ಬೇಕೆಂದು ಹಠ ಹಿಡಿಯುವುದು, ನಾಲ್ಕು ದಿನ ಕಳೆದ ಮೇಲೆ ಅದರ ಆರೈಕೆ ತಾಯಿಯ ಪಾಲಿಗೆ ಬರುವುದು ಅನೇಕ ಮನೆಗಳ ಕಥೆ. ಆ ಜವಾಬ್ದಾರಿ ನಿಮ್ಮ ಹೆಗಲಿಗೆ ಬಿದ್ದಿದ್ದರೆ, ತೊಟ್ಟಿಗೆ ಗಿಡ ತರುವ ಮುನ್ನ ಸ್ವಲ್ಪ ಯೋಚಿಸಿ.

ಮೀನಿನ ಹಿಕ್ಕೆ ಮತ್ತು ತಿಂದುಳಿದ ಆಹಾರ ಕೊಳೆತು ನೀರಿನಲ್ಲಿ ಅಮೋನಿಯ ಉಂಟಾಗುತ್ತದೆ. ಇದು ಮೀನಿಗೆ ವಿಷ. ಜೀವಂತ ಗಿಡವು ಈ ಅಮೋನಿಯವನ್ನೇ ಗೊಬ್ಬರವಾಗಿ ಹೀರಿಕೊಳ್ಳುತ್ತದೆ. ಪ್ಲಾಸ್ಟಿಕ್ ಗಿಡದಿಂದ ಈ ಕೆಲಸ ಆಗದು. ಆದರೆ ತಂದ ಗಿಡ ಬದುಕದಿದ್ದರೆ ಅದೇ ಕೊಳೆತು ನೀರನ್ನು ಇನ್ನಷ್ಟು ಕೆಡಿಸುತ್ತದೆ. ಆದ್ದರಿಂದ ಗಿಡದ ಆಯ್ಕೆ ಬರೀ ಅಂದದ ಪ್ರಶ್ನೆಯಲ್ಲ, ಮೀನಿನ ಪ್ರಾಣದ ಪ್ರಶ್ನೆಯೂ ಹೌದು.

ಅಂಗಡಿಯಲ್ಲಿ ನೀರಿನಲ್ಲಿ ನಿಂತಿರುವ ಗಿಡಗಳೆಲ್ಲ ನೀರಿನ ಗಿಡಗಳಲ್ಲ. ಲಕ್ಕಿ ಬಾಂಬೂ ಎಂದು ಮಾರುವ ಗಿಡವನ್ನೇ ನೋಡಿ. ಅದು ಬಿದಿರೂ ಅಲ್ಲ, ಜಲಸಸ್ಯವೂ ಅಲ್ಲ. ಆಫ್ರಿಕಾ ಮೂಲದ ಡ್ರಸೀನ ಜಾತಿಯ ಗಿಡ. ಬೇರು ನೀರಿನಲ್ಲಿದ್ದು ಎಲೆ ಹೊರಗಿದ್ದರೆ ಬದುಕುತ್ತದೆ. ಪೂರ್ತಿ ಮುಳುಗಿಸಿದರೆ ಕ್ರಮೇಣ ಕೊಳೆಯುತ್ತದೆ.

ಮೊದಲು ನಿಮ್ಮಲ್ಲಿರುವ ಮೀನು ಯಾವುದೆಂದು ನೋಡಿ. ಗೋಲ್ಡ್ ಫಿಶ್ ಮೆತ್ತನೆಯ ಎಲೆಗಳನ್ನು ತಿಂದು, ಬೇರನ್ನು ಕೆದಕಿ ಹಾಕುತ್ತದೆ. ಅದಕ್ಕೆ ಗಟ್ಟಿ ಎಲೆಯ ಅನುಬಿಯಾಸ್ ಅಥವಾ ಜಾವಾ ಫರ್ನ್ ಸೂಕ್ತ. ಎರಡಕ್ಕೂ ಕಡಿಮೆ ಬೆಳಕು ಸಾಕು. ಆದರೆ ಇವುಗಳ ದಪ್ಪನೆಯ ಅಡ್ಡ ಕಾಂಡವನ್ನು ಮರಳಿನಲ್ಲಿ ಹೂಳಬೇಡಿ, ಕೊಳೆತುಹೋಗುತ್ತದೆ. ದಾರದಿಂದ ಕಲ್ಲಿಗೆ ಕಟ್ಟಿ ಬಿಡಿ. ಗಪ್ಪಿ, ಮೋಲಿ ಸಾಕುವವರು ಜಾವಾ ಮಾಸ್ ಹಾಕಲಿ. ಮರಿಗಳು ದೊಡ್ಡ ಮೀನಿನ ಬಾಯಿಗೆ ಬೀಳದೆ ಅದರೊಳಗೆ ಅವಿತುಕೊಳ್ಳುತ್ತವೆ. ಹಿನ್ನೆಲೆಗೆ ಪಿಯುಸಿ ಓದುವ ಮಗಳು ಜೀವಶಾಸ್ತ್ರದ ಪುಸ್ತಕದಲ್ಲಿ ಕಂಡಿರಬಹುದಾದ ವ್ಯಾಲಿಸ್ನೇರಿಯವನ್ನು ನೆಡಬಹುದು. ಬೇರು ಮಾತ್ರ ಮರಳೊಳಗಿರಲಿ, ಎಲೆ ಹೊರಡುವ ಬುಡ ಮೇಲಿರಲಿ.

ತಂದ ಗಿಡವನ್ನು ನೇರವಾಗಿ ತೊಟ್ಟಿಗೆ ಹಾಕದೆ ಚೆನ್ನಾಗಿ ತೊಳೆದು, ಕೆಲವು ದಿನ ಬೇರೆ ಬಕೆಟ್ಟಿನಲ್ಲಿಡಿ. ಎಲೆಗೆ ಅಂಟಿದ ಬಸವನಹುಳುವಿನ ಮೊಟ್ಟೆಗಳಿದ್ದರೆ ತೆಗೆದುಹಾಕಿ. ದೀಪ ದಿನಕ್ಕೆ 6ರಿಂದ 8 ಗಂಟೆ ಸಾಕು. ಹೆಚ್ಚಾದರೆ ಪಾಚಿ ಕಟ್ಟುತ್ತದೆ. ಕಿಟಕಿಯ ಬಿಸಿಲಿಗೂ ತೊಟ್ಟಿಯನ್ನು ಇಡಬೇಡಿ. ಹಗಲು ಆಮ್ಲಜನಕ ಕೊಡುವ ಗಿಡ ರಾತ್ರಿ ಅದನ್ನೇ ಬಳಸುತ್ತದೆ. ಆದ್ದರಿಂದ ಗಿಡವಿದೆಯೆಂದು ರಾತ್ರಿ ಏರ್ ಪಂಪ್ ನಿಲ್ಲಿಸಬೇಡಿ.

ಮುಖ್ಯವಾದ ಇನ್ನೊಂದು ಮಾತು. ಅತಿಯಾಗಿ ಬೆಳೆದ ಗಿಡವನ್ನು ಕತ್ತರಿಸಿ ಕೆರೆಗೋ ತೋಡಿಗೋ ಎಸೆಯುವವರಿದ್ದಾರೆ. 2020ರಲ್ಲಿ ಕೇರಳದ ಕೋಯಿಕ್ಕೋಡ್ ಜಿಲ್ಲೆಯ ಆವಳ ಪಾಂಡಿಯಲ್ಲಿ ತೋಡೊಂದು ಗುಲಾಬಿ ಹೂಗಳಿಂದ ತುಂಬಿ, ನೋಡಲು ಜನ ಮುಗಿಬಿದ್ದರು. ಅದು ಅಕ್ವೇರಿಯಂಗಳಲ್ಲಿ ಬಳಸುವ, ದಕ್ಷಿಣ ಅಮೆರಿಕ ಮೂಲದ ಕಬೊಂಬ ಗಿಡ. ಕಣ್ಣಿಗೆ ಚಂದ ಕಂಡರೂ ಅದು ಹಬ್ಬಿದಲ್ಲಿ ನೀರಿನ ಹರಿವು ಕಟ್ಟುತ್ತದೆ, ಸ್ಥಳೀಯ ಗಿಡಗಳಿಗೆ ಬೆಳಕು ತಪ್ಪುತ್ತದೆ. ತುಂಡಾದ ಒಂದು ಕಡ್ಡಿಯಿಂದಲೂ ಅದು ಮತ್ತೆ ಚಿಗುರಬಲ್ಲದು. ಆದ್ದರಿಂದ ಬೇಡವಾದ ಗಿಡವನ್ನು ಬಿಸಿಲಿನಲ್ಲಿ ಪೂರ್ತಿ ಒಣಗಿಸಿ, ಹಿತ್ತಿಲಿನ ಗೊಬ್ಬರದ ಗುಂಡಿಗೆ ಹಾಕಿ. ತೊಟ್ಟಿ ತೊಳೆದ ನೀರನ್ನು ತೆಂಗಿನ ಬುಡಕ್ಕೋ ಹೂಕುಂಡಕ್ಕೋ ಸುರಿಯಿರಿ. ಅದರಲ್ಲಿ ಮೀನಿನ ಗೊಬ್ಬರವೂ ಇರುತ್ತದೆ. ಈ ಕೆಲಸವನ್ನು ಮಕ್ಕಳ ಕೈಯಲ್ಲೇ ಮಾಡಿಸಿ. ಸಾಕುವುದರ ಜೊತೆಗೆ ಹೊಣೆಯೂ ಇದೆಯೆಂದು ಅವರು ಕಲಿಯಲಿ.